ತಿನ್ನದ ಹಣ್ಣಿನ ವಾಸನೆ

ನನ್ನ ಅತ್ತೆ ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸುತ್ತಿದ್ದವರು. ನಿವೃತ್ತರಾದ ಮೇಲೆ ಕವಾಯತು ಮಾಡಿಸಲು ಅವರ ಕೈಗೆ ಉಳಿದದ್ದು ಎರಡೇ: ಅವರ ಸಕ್ಕರೆ ಕಾಯಿಲೆ ಮತ್ತು ನಾನು. ಕಾಯಿಲೆ ಬೇಗ ಬಗ್ಗಿತು. ಬೆಳಿಗ್ಗೆ ಮಾತ್ರೆ, ಸಂಜೆ ಮೈದಾನದ ಸುತ್ತ ನಡಿಗೆ, ಅಳೆದು ತೂಗಿ ಊಟ. ಅದು ಅವರು ಹೇಳಿದ ಕಡೆ ಕೂತು ಹೇಳಿದಾಗ ಏಳುತ್ತಿತ್ತು. ನಾನು ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಹಾಗಾಗಿ ಮದುವೆಯಾಗಿ ಬಂದ ಹೊಸದರಲ್ಲೇ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಆಗಿಹೋಗಿತ್ತು: ಅಡುಗೆಮನೆ ಅವರದ್ದು, ಅಂಗಡಿ ನನ್ನದು, ಒಬ್ಬರ ಗಡಿಯೊಳಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ, ಅದಕ್ಕೇ ಇಷ್ಟು ವರ್ಷ ಉಳಿದಿತ್ತು.

ಅಂಗಡಿಯೆಂದರೆ ಕನ್ನಡಕದ ಅಂಗಡಿ. ಬಸ್ಸು ನಿಲ್ಲುವ ಬೀದಿಯಲ್ಲಿ, ಔಷಧದ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಇದೆ. ಮುಂದೆ ಗಾಜಿನ ಕಪಾಟುಗಳಲ್ಲಿ ಫ್ರೇಮುಗಳು, ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕಿಳಿಯುವ ಅಕ್ಷರಗಳ ಹಲಗೆ, ಪರದೆಯ ಹಿಂದೆ ಲೆನ್ಸ್ ಉಜ್ಜುವ ಯಂತ್ರ. ಅದರ ನೀರು ಸಿಡಿದು ನನ್ನ ಎಡ ತೋಳು ಸದಾ ಒದ್ದೆ. ಕಣ್ಣು ಪರೀಕ್ಷಿಸುವುದು, ಲೆನ್ಸನ್ನು ಫ್ರೇಮಿನ ಆಕಾರಕ್ಕೆ ಉಜ್ಜಿ ಕೂರಿಸುವುದು, ಕಿವಿಯ ಹಿಂದೆ ಒತ್ತುತ್ತದೆ ಎಂದು ವಾಪಸ್ಸು ಬಂದವರ ಕನ್ನಡಕದ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸುವುದು, ಎಲ್ಲ ನಾನೇ. ನಮ್ಮ ಮನೆಯವರಿಗೆ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಪಾಳಿಯ ಕೆಲಸ. ಮನೆಯಲ್ಲಿ ಇಬ್ಬರು ಹೆಂಗಸರ ದನಿ ಏರಿತೆಂದರೆ ಅವರಿಗೆ ತಕ್ಷಣ ಪಾಳಿ ನೆನಪಾಗುತ್ತದೆ.

ನಲವತ್ತಕ್ಕೆ ಎಲ್ಲರಿಗೂ ಬರುವ ಚಾಳೀಸು ನನಗೂ ಬಂದಿತ್ತು. ಫ್ರೇಮಿನ ಸಣ್ಣ ಸ್ಕ್ರೂ ತಿರುಗಿಸಬೇಕಾದರೆ ಓದುವ ಕನ್ನಡಕ ಮೂಗಿನ ಮೇಲೆ ಇರಲೇಬೇಕಿತ್ತು. ಒಂದು ಬೆಳಿಗ್ಗೆ ಅದನ್ನು ಮನೆಯಲ್ಲೇ ಮರೆತು ಬಂದೆ. ನೋಡಿದರೆ ಸ್ಕ್ರೂವಿನ ತಲೆಯ ಮೇಲಿನ ಗೀರು ಕೂಡ ಬರಿಗಣ್ಣಿಗೆ ಕಾಣುತ್ತಿದೆ. ವಯಸ್ಸು ಹಿಂದಕ್ಕೆ ಓಡುತ್ತಿದೆ ಎಂದು ಪಕ್ಕದ ಬೀಗದವನ ಹತ್ತಿರ ಜಂಬ ಕೊಚ್ಚಿದೆ. ಆದರೆ ಹತ್ತಿರದ್ದು ತಿಳಿಯಾದ ಹಾಗೆ ದೂರದ್ದು ಮಸುಕಾಯಿತು. ಎದುರಿಗೆ ನಿಂತ ಬಸ್ಸಿನ ಬೋರ್ಡು ಓದಲಾಗಲಿಲ್ಲ. ಅದಕ್ಕೇನಂತೆ, ಕೈಯಲ್ಲೇ ಕಸುಬಿದೆಯಲ್ಲ. ದೂರಕ್ಕೆಂದು ಒಂದು ಜೊತೆ ಲೆನ್ಸ್ ಉಜ್ಜಿ ಹಾಕಿಕೊಂಡೆ. ಕೆಲವು ವಾರಕ್ಕೆ ಅದು ಹೊಂದದಾಯಿತು, ಇನ್ನೊಂದು ಮಾಡಿಕೊಂಡೆ. ಆಮೇಲೆ ಮತ್ತೊಂದು. ಪರೀಕ್ಷೆಯ ಯಂತ್ರವೇ ಕೆಟ್ಟಿದೆಯೆಂದು ರಿಪೇರಿಯವನನ್ನು ಕರೆಸಿ ಅವನ ಜೊತೆ ಜಗಳವನ್ನೂ ಆಡಿದೆ. ಪದೇಪದೇ ನಂಬರ್ ಬದಲಾಗುವ ಗಿರಾಕಿಗಳಿಗೆ, ಮೊದಲು ಶುಗರ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಕನ್ನಡಕ ಆಮೇಲೆ ನೋಡೋಣ ಎಂದು ನಾನೇ ಎಷ್ಟೋ ಸಲ ಹೇಳಿ ಕಳಿಸಿದ್ದೇನೆ. ದೀಪದ ಬುಡದಲ್ಲೇ ಕತ್ತಲೆ. ಕಾಯಿಲೆ ಕಣ್ಣಲ್ಲಿ ಬಂದು ಕೂತಿತ್ತು, ನಾನು ಅದಕ್ಕೆ ಫ್ರೇಮು ಆರಿಸುತ್ತಿದ್ದೆ.

ಕಂಡುಹಿಡಿದವರು ಅತ್ತೆ. ನೀರಿನ ಬಾಟಲಿ ಸದಾ ನನ್ನ ಕೈಯಲ್ಲೇ ಇರುವುದನ್ನು ನೋಡಿ, ಉಪ್ಪು ತಿಂದವರು ನೀರು ಕುಡಿಯಲೇಬೇಕು, ನೀನು ಅದೇನು ತಿಂದಿದ್ದೀಯೋ ಎಂದು ಮೊದಮೊದಲು ಚುಡಾಯಿಸಿದರು. ಆಮೇಲೆ ನನ್ನ ಹಳೆಯ ಅಂಗಿ ಹೆಗಲಿನಿಂದ ಜಾರುವುದು ಅವರ ಕಣ್ಣಿಗೆ ಬಿತ್ತು. ಒಂದು ಬೆಳಿಗ್ಗೆ ತಮ್ಮ ಶುಗರ್ ನೋಡಿಕೊಳ್ಳುವ ಮೀಟರನ್ನು ತಂದು, ಕೈ ಕೊಡು ಎಂದು ನನ್ನ ಬೆರಳು ಚುಚ್ಚಿದರು. ಇನ್ನೂರರ ಮೇಲೆ ತೋರಿಸಿತು. ಅವರ ಮುಖದಲ್ಲಿ ಗಾಬರಿ ಇತ್ತು, ಇಲ್ಲವೆನ್ನಲಾರೆ. ಆದರೆ ಅದರ ಹಿಂದೆಯೇ ಇನ್ನೊಂದು ಬೆಳಕೂ ಬಂತು. ಅಂತೂ ಈ ಹುಡುಗಿ ತಮ್ಮ ತರಗತಿಗೆ ಸೇರಿದಳು ಎಂಬ ಬೆಳಕು.

ನಮ್ಮ ಮನೆಯ ಡಾಕ್ಟರು ವಯಸ್ಸಾದವರು, ಅತ್ತೆಯ ಕಾಯಿಲೆಯನ್ನು ವರ್ಷಗಳಿಂದ ನೋಡಿಕೊಂಡು ಬಂದವರು. ನಲವತ್ತು ದಾಟಿದೆ, ದಿನವಿಡೀ ಕೂತು ಮಾಡುವ ಕೆಲಸ, ಬರದೆ ಇನ್ನೇನು ಎಂದರು. ಅತ್ತೆಗೆ ಕೊಟ್ಟಿದ್ದ ಮಾತ್ರೆಯನ್ನೇ ನನಗೂ ಬರೆದರು. ತೂಕ ಇಳಿಸಿ ಎಂದು ಅಭ್ಯಾಸಬಲದಿಂದ ಹೇಳಿ, ನನ್ನನ್ನೊಮ್ಮೆ ನೋಡಿ, ಇಳಿದೇ ಇದೆಯಲ್ಲ, ಒಳ್ಳೆಯದು ಎಂದರು. ಇಳಿಸದೆಯೇ ಹೇಗೆ ಇಳಿಯಿತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿಂದ ನನ್ನ ಊಟ ಅತ್ತೆಯ ಕೈಗೆ ಹೋಯಿತು. ಅಡುಗೆಮನೆ ಅವರದ್ದೇ, ಈಗ ನನ್ನ ತಟ್ಟೆಯೂ ಅವರದ್ದು. ಅನ್ನ ಒಂದು ಸಣ್ಣ ಬಟ್ಟಲು, ಉಳಿದದ್ದು ಬೇಯಿಸಿದ ತರಕಾರಿ. ಸಂಜೆ ಅಂಗಡಿ ಮುಚ್ಚಿದೊಡನೆ ಮೈದಾನ. ಅವರು ಮುಂದೆ, ನಾನು ಹಿಂದೆ. ಸಿಡುಕುತ್ತಲೇ ಹೋಗುತ್ತಿದ್ದೆ, ನಿಜ. ಆದರೆ ಆ ಮೊದಲ ತಿಂಗಳುಗಳು ಚೆನ್ನಾಗಿದ್ದವು. ನನ್ನ ಶುಗರ್ ಇಳಿಯಿತು. ಪ್ರತಿ ಬೆಳಿಗ್ಗೆ ಅತ್ತೆ ಮೀಟರಿನ ಅಂಕಿಯನ್ನು ಹಾಜರಿ ಕೂಗುವ ಹಾಗೆ ಕೂಗಿ ಹೇಳುತ್ತಿದ್ದರು. ನಡೆಯುವಾಗ ಏದುಸಿರಿನ ನಡುವೆಯೇ ತಮ್ಮ ಕಥೆ ಹೇಳುತ್ತಿದ್ದರು: ಹುಡುಗಿಯಾಗಿದ್ದಾಗ ಓಟದಲ್ಲಿ ಗೆದ್ದ ಕಪ್ಪನ್ನು ಅವರಪ್ಪ ಮೊಳೆ ಹಾಕಿಡಲು ಬಳಸಿದ್ದು, ಗಂಡ ಸತ್ತ ವರ್ಷ ಶಾಲೆಯ ಮೈದಾನದಲ್ಲಿ ಒಬ್ಬರೇ ಓಡುತ್ತಿದ್ದದ್ದು. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದು ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರೆಂದರೆ ನನಗೆ ಇಷ್ಟವಾಗತೊಡಗಿತು. ಮುಂದೆ ಆದದ್ದು ಅಷ್ಟು ನೋಯಿಸಿದ್ದು ಅದಕ್ಕೇ ಇರಬೇಕು.

ಶುಗರ್ ಮತ್ತೆ ಏರತೊಡಗಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಅದು ಇನ್ನೂ ಏರಿತು. ಅತ್ತೆ ಬಟ್ಟಲಿನ ಅನ್ನವನ್ನು ಅರ್ಧ ಮಾಡಿದರು, ಆಮೇಲೆ ಅದರಲ್ಲೂ ಅರ್ಧ. ಅವರ ಲೆಕ್ಕ ಸರಳ: ಈ ಕಾಯಿಲೆಯನ್ನು ಅವರು ಸ್ವತಃ ಗೆದ್ದಿದ್ದಾರೆ, ಶಿಸ್ತಿಗೆ ಅದು ಬಗ್ಗಲೇಬೇಕು, ಬಗ್ಗುತ್ತಿಲ್ಲವೆಂದರೆ ಶಿಸ್ತು ಎಲ್ಲೋ ತಪ್ಪಿದೆ. ಇನ್ಸುಲಿನ್ ಸೂಜಿಯೆಂದರೆ ಅವರ ಪ್ರಕಾರ ಆಟ ಬಿಟ್ಟು ಕೂತವರಿಗೆ. ಅಂಗಡಿಯಲ್ಲಿ ಏನಾದರೂ ತಿನ್ನುತ್ತೀಯಾ ಎಂದು ಮೊದಲು ನಗುತ್ತಾ ಕೇಳಿದರು. ಆಮೇಲೆ ನಗದೆ ಕೇಳಿದರು. ಒಂದು ದಿನ ನೋಡುತ್ತೇನೆ, ಅಡುಗೆಮನೆಯ ಅಟ್ಟಣೆಯ ಮೇಲೆ ಸಕ್ಕರೆ ಡಬ್ಬಿಯಿಲ್ಲ. ಬಿಸ್ಕತ್ತಿಲ್ಲ, ಹಣ್ಣಿನ ಬುಟ್ಟಿಯೂ ಇಲ್ಲ. ಮನೆಯವರು ಸಪ್ಪೆ ಚಹಾ ಕುಡಿಯುತ್ತಾ ಕೂತಿದ್ದರು, ನನ್ನ ಕಡೆ ನೋಡಲಿಲ್ಲ.

ಹಸಿವು ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಉಂಡು ಎದ್ದರೂ ಹಸಿವು, ನೀರು ಕುಡಿದರೂ ಹಸಿವು. ಹಸಿವಾಗುತ್ತದೆ ಎಂದರೆ ಅತ್ತೆ, ನಾಲಿಗೆ ಚಪಲ ಅದು, ತಡಕೋ ಎನ್ನುತ್ತಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ ಬೆರಳು ಚುಚ್ಚಲು ಹತ್ತಿರ ಬಂದವರು ತಟ್ಟನೆ ನಿಂತರು. ಮುಖ ನನ್ನ ಮುಖದ ಹತ್ತಿರ ತಂದು ಮೂಗಿನಿಂದ ಉಸಿರೆಳೆದುಕೊಂಡರು.

"ಯಾವ ಹಣ್ಣು ತಿಂದೆ?"

ತಿಂದಿಲ್ಲ ಎಂದೆ.

"ಬಾಯಲ್ಲಿ ಕಳಿತ ಹಣ್ಣಿನ ವಾಸನೆ ಬರ್ತಿದೆ. ನಾನು ಮಕ್ಕಳನ್ನ ನೋಡಿಕೊಂಡು ಬಂದವಳು ಕಣೇ. ಪೆಪ್ಪರ್‌ಮಿಂಟ್ ತಿಂದವರು ಯಾರು, ಬೀಡಿ ಸೇದಿದವರು ಯಾರು, ದೂರದಿಂದಲೇ ಹೇಳ್ತೀನಿ."

ನಾನು ಸುಮ್ಮನಿರುವವಳಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಮೀಟರನ್ನು ಡಬ್ಬಿಗೆ ಹಾಕಿ ಎದ್ದು ಹೋದರು. ಸಾಕ್ಷಿ ಸಿಕ್ಕ ಮೇಲೆ ವಾದ ಯಾಕೆ ಎನ್ನುವ ಹಾಗೆ. ಅಂದಿನಿಂದ ಅವರು ನನ್ನ ಬೆರಳು ಚುಚ್ಚುವ ಮೊದಲು ಮೂಸುತ್ತಿದ್ದರು. ವಾಸನೆ ದಿನದಿನಕ್ಕೆ ಹೆಚ್ಚಾಯಿತು, ಅದು ನನಗೂ ಗೊತ್ತಾಗುತ್ತಿತ್ತು. ನಾನು ಹಲ್ಲುಜ್ಜಿದೆ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದೆ. ಕದ್ದವಳು ಗುರುತು ಅಳಿಸುವ ಹಾಗೆಯೇ ಅದು ಕಾಣುತ್ತಿತ್ತು ಎಂದು ಈಗ ಅನಿಸುತ್ತದೆ.

ಮನೆಯವರು ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ಎಂದೂ ಬರುವವರಲ್ಲ. ಫ್ರೇಮುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕೊನೆಗೆ, ನನ್ನ ಹತ್ತಿರ ಮಾತ್ರ ನಿಜ ಹೇಳು, ನಾನು ಅಮ್ಮನಿಗೆ ಹೇಳುವುದಿಲ್ಲ ಎಂದರು. ಅತ್ತೆ ಕೇಳಿದಾಗ ಕೋಪ ಬಂದಿತ್ತು. ಇವರು ಕೇಳಿದಾಗ ಕೋಪವೂ ಬರಲಿಲ್ಲ. ಪರದೆಯ ಹಿಂದೆ ಹೋಗಿ ಯಂತ್ರ ಚಾಲೂ ಮಾಡಿಕೊಂಡು ಅತ್ತುಬಿಟ್ಟೆ. ಆಮೇಲೆ, ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ನನ್ನ ಮೇಲೇ ನನಗೆ ಅನುಮಾನ ಬಂತು. ಗೊತ್ತಿಲ್ಲದೆ ತಿನ್ನುತ್ತಿದ್ದೇನೆಯೇ? ನಿದ್ದೆಯಲ್ಲಿ ಎದ್ದು ಹೋಗುತ್ತೇನೆಯೇ? ಎಲ್ಲರೂ ಒಂದೇ ಮಾತು ಹೇಳುತ್ತಿದ್ದರೆ ಇದ್ದರೂ ಇದ್ದೀತು ಅನಿಸಿಬಿಡುತ್ತದೆ. ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. ಒಬ್ಬ ಮೇಷ್ಟರ ಲೆನ್ಸನ್ನು ಅಡ್ಡದಿಡ್ಡಿ ಕೂರಿಸಿ ಕಳಿಸಿ, ಅವರು ತಲೆ ಸುತ್ತುತ್ತದೆಂದು ವಾಪಸ್ಸು ಬಂದಾಗ ಅವರ ಮೇಲೆಯೇ ರೇಗಿದೆ.

ಹೀಗೇ ಹೋದರೆ ಸತ್ತೇ ಹೋಗುತ್ತೇನೆ, ಸತ್ತ ಮೇಲೂ ಕದ್ದು ತಿಂದು ಸತ್ತಳು ಎನ್ನುತ್ತಾರೆ ಎಂದು ಒಂದು ದಿನ ಅನಿಸಿತು. ಎರಡನೆಯದೇ ಹೆಚ್ಚು ಉರಿಸಿತು ಎಂದರೆ ನನ್ನ ಸ್ವಭಾವ ನಿಮಗೆ ಗೊತ್ತಾದೀತು. ನೇರ ಅತ್ತೆಯ ಮುಂದೆ ಹೋಗಿ ನಿಂತೆ.

"ಭಾನುವಾರ ಇಡೀ ದಿನ ನನ್ನ ಜೊತೇಲೇ ಇರಿ. ಬಚ್ಚಲಿಗೆ ಹೋದ್ರೂ ಬಾಗಿಲ ಹೊರಗೆ ನಿಂತ್ಕೊಳ್ಳಿ. ನಾನು ತಿಂದಿದ್ದನ್ನೇ, ಅಷ್ಟನ್ನೇ ನೀವೂ ತಿನ್ನಿ. ಸಂಜೆ ಇಬ್ಬರ ಬೆರಳೂ ಚುಚ್ಚೋಣ."

ಸವಾಲು ಹಾಕಿದರೆ ಬೆನ್ನು ತಿರುಗಿಸುವ ಜನ್ಮವಲ್ಲ ಅವರದ್ದು. ಮಕ್ಕಳಿಗೆ ಮೈದಾನ ಸುತ್ತುವ ಶಿಕ್ಷೆ ಕೊಟ್ಟರೆ ತಾವೂ ಜೊತೆಗೆ ಸುತ್ತುತ್ತಿದ್ದರಂತೆ. ಒಪ್ಪಿದರು. ಹಿಂದಿನ ದಿನವೇ ತಮ್ಮ ಹಾಸಿಗೆ ತಂದು ನನ್ನ ಕೋಣೆಯ ಬಾಗಿಲಿಗೆ ಅಡ್ಡ ಹಾಸಿಕೊಂಡರು.

ಆ ಭಾನುವಾರ ನಾವಿಬ್ಬರೂ ಒಂದೇ ದಾರದಲ್ಲಿ ಕಟ್ಟಿದ ಹಾಗೆ ಇದ್ದೆವು. ನಾನು ಬಟ್ಟೆ ಒಗೆದರೆ ಅವರು ಹಿಂಡಿದರು. ನಾನು ನುಂಗಿದ ಮಾತ್ರೆಯನ್ನೇ ಅವರೂ ನುಂಗಿದರು. ಬಟ್ಟಲ ತಳದಲ್ಲಿದ್ದ ನನ್ನ ಪಾಲಿನಷ್ಟೇ ಅನ್ನವನ್ನು ತಾವೂ ಹಾಕಿಕೊಂಡು, ಒಂದು ಗಳಿಗೆ ಅದನ್ನೇ ನೋಡಿದರು. ಇಷ್ಟು ಕಡಿಮೆ ಹಾಕುತ್ತಿದ್ದೇನೆಂದು ಅವರಿಗೂ ಆವರೆಗೆ ಕಂಡಿರಲಿಲ್ಲವೇನೋ. ಅಷ್ಟನ್ನೇ ಉಂಡರು. ಸಂಜೆ ಮೈದಾನಕ್ಕೆ ಹೋದೆವು. ಸುತ್ತು ಮುಗಿಸಲಾಗದೆ ನಾನು ಮಧ್ಯದಲ್ಲಿ ಕೂತೆ, ಅವರೂ ಕೂತರು. ವಾಪಸ್ಸು ಬರುವ ದಾರಿಯಲ್ಲಿ ಅವರು ಮಾತು ನಿಲ್ಲಿಸಿದರು. ಮುನಿಸಿಕೊಂಡರು ಎಂದುಕೊಂಡೆ.

ಮನೆಗೆ ಬಂದು ಕುರ್ಚಿಯಲ್ಲಿ ಕೂತವರ ಮುಖ ನೋಡಿದರೆ ಬೆವರು ಧಾರಾಕಾರ. ತುಟಿ ಬಿಳಿಚಿದೆ, ಕೈ ನಡುಗುತ್ತಿದೆ. ಶುಗರ್ ಇಳಿದಿದೆಯೆಂದು ಗೊತ್ತಾಯಿತು. ಮಾತ್ರೆ ನುಂಗಿ, ಅರೆಹೊಟ್ಟೆಯಲ್ಲಿ ನಡೆದರೆ ಅವರ ವಯಸ್ಸಿಗೆ ಇನ್ನೇನಾಗುತ್ತದೆ. ಅಡುಗೆಮನೆಗೆ ಓಡಿದೆ. ಡಬ್ಬಿಗಳನ್ನೆಲ್ಲ ತೆಗೆದು ನೋಡಿದೆ. ಬೇಳೆ, ಹಿಟ್ಟು, ಉಪ್ಪು. ಸಿಹಿಯೆಂಬುದು ಇಡೀ ಮನೆಯಲ್ಲಿಲ್ಲ. ವಾಪಸ್ಸು ಬಂದು ಅವರ ಭುಜ ಹಿಡಿದೆ.

"ಅತ್ತೆ, ಸಕ್ಕರೆ ಎಲ್ಲಿಟ್ಟಿದ್ದೀರಾ?"

ಅವರು ನನ್ನನ್ನು ನೋಡಿದರು. ಆ ಸ್ಥಿತಿಯಲ್ಲೂ, ಹೇಳಲೋ ಬೇಡವೋ ಎಂದು ಅರೆಕ್ಷಣ ತಡೆದರು. ಆ ತಡೆದದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ತೊದಲಿದರು.

"ನನ್ನ ಬೀರು... ಕೆಳಗಿನ ಖಾನೆ... ಶೂ ಡಬ್ಬೀಲಿ."

ಶೂ ಡಬ್ಬಿಯೊಳಗೆ ಸಕ್ಕರೆ ಡಬ್ಬಿ, ಅದರ ಸುತ್ತ ಬಟ್ಟೆ, ಬಟ್ಟೆಗೆ ಬಿಗಿಯಾದ ಗಂಟು. ಬಿಚ್ಚಲು ಬರದೆ ಹಲ್ಲಿನಲ್ಲಿ ಕಚ್ಚಿ ಎಳೆದೆ. ಸಕ್ಕರೆ ನೀರಿನಲ್ಲಿ ಪೂರ್ತಿ ಕರಗುವ ಮೊದಲೇ ಅವರ ಬಾಯಿಗೆ ಹಿಡಿದು ಕುಡಿಸಿದೆ. ಅವರ ಸೀರೆಯ ತುಂಬ ಚೆಲ್ಲಿತು. ಮಗುವಿನ ಹಾಗೆ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದರು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಮುಖಕ್ಕೆ ಬಣ್ಣ ಬಂತು. ಅವರ ಕಣ್ಣು ನನ್ನ ಕಾಲಬಳಿ ಬಿದ್ದಿದ್ದ ಡಬ್ಬಿಯ ಮೇಲಿತ್ತು. ಅಂಚಿನವರೆಗೆ ತುಂಬಿಸಿ ಕಟ್ಟಿಟ್ಟದ್ದು, ನಾನು ತೆಗೆದ ಎರಡು ಚಮಚದ ಗುಳಿಯಷ್ಟೇ ಅದರಲ್ಲಿತ್ತು.

"ನಿನಗೆ ಗೊತ್ತೇ ಇರಲಿಲ್ಲ," ಎಂದರು.

"ಇಲ್ಲ ಅತ್ತೆ."

ಮೀಟರ್ ತರಲು ಹೇಳಿದರು. ಸಕ್ಕರೆ ಕುಡಿದ ಮೇಲೂ ಅವರದ್ದು ನೂರು ಮುಟ್ಟಿರಲಿಲ್ಲ. ನನ್ನದು ಮುನ್ನೂರು ದಾಟಿತ್ತು. ಒಂದೇ ಊಟ, ಒಂದೇ ಮಾತ್ರೆ, ಒಂದೇ ಮೈದಾನ. ಅವರು ನನ್ನ ಗಲ್ಲ ಹಿಡಿದು ಮುಖವನ್ನು ಹತ್ತಿರ ಎಳೆದುಕೊಂಡು ಮೂಸಿದರು. ಹಣ್ಣಿನ ವಾಸನೆ ಇತ್ತು. ಗಲ್ಲ ಬಿಡಲು ಮರೆತು ಹಾಗೇ ಹಿಡಿದುಕೊಂಡು ಕೂತಿದ್ದರು. ಅವರು ಹೆದರಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ನಾವು ಡಾಕ್ಟರ ಮನೆಯ ಮುಂದಿದ್ದೆವು. ಅವರು ಅಂಕಿ ಕೇಳಿ ನಿಟ್ಟುಸಿರಿಟ್ಟರು. ಏನೂ ತಿಂದಿಲ್ಲ ಎಂದೇ ಎಲ್ಲರೂ ಹೇಳುತ್ತಾರೆ, ಆದರೆ ರಕ್ತ ಸುಳ್ಳು ಹೇಳುವುದಿಲ್ಲ ಎಂದು ಶುರು ಮಾಡಿದರು. ಅತ್ತೆ ಎದ್ದು ನಿಂತರು.

"ಇವಳು ಹೇಳ್ತಿಲ್ಲ ಡಾಕ್ಟ್ರೇ, ನಾನು ಹೇಳ್ತಿದ್ದೀನಿ. ನಿನ್ನೆ ಇಡೀ ದಿನ ಇವಳು ನನ್ನ ಕಣ್ಣು ತಪ್ಪಿಸಿಲ್ಲ. ಇವಳು ತಿಂದಷ್ಟೇ ತಿಂದು ನಾನು ಬಿದ್ದುಹೋಗೋ ಹಾಗಾಯ್ತು. ಇವಳದ್ದು ನನ್ನ ಕಾಯಿಲೆ ಅಲ್ಲ. ಬೇರೆ ಏನೋ ಇದೆ. ನೋಡಿ."

ಡಾಕ್ಟರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಬಹುಶಃ ಮೊದಲ ಸಲ ಸರಿಯಾಗಿ ನೋಡಿದರು. ವಾಸನೆಯ ಮಾತು ಬಂದಾಗ ಹತ್ತಿರ ಬಂದು, ಉಸಿರು ಬಿಡಿ ಎಂದರು. ಮೂತ್ರದ ಪರೀಕ್ಷೆ ಅಲ್ಲೇ ಮಾಡಿದರು. ಅದರಲ್ಲಿ ಅದ್ದಿ ತೆಗೆದ ಪಟ್ಟಿಯ ಬಣ್ಣ ನೋಡಿದ ಮೇಲೆ ಅವರ ಮುಖವೂ ಬದಲಾಯಿತು. ತಪ್ಪಾಯಿತು ಎಂದು ಹೇಳಲಿಲ್ಲ, ಆದರೆ ಅವರೇ ಆಸ್ಪತ್ರೆಗೆ ಫೋನು ಮಾಡಿ, ಅವರೇ ಹೊರಗೆ ಬಂದು ನಮ್ಮನ್ನು ಆಟೋ ಹತ್ತಿಸಿದರು.

ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಕೈಗೆ ಸಲೈನಿನ ನಳಿಗೆ, ಅದರ ಜೊತೆ ಇನ್ಸುಲಿನ್. ಎಷ್ಟೋ ಶೀಶೆ ರಕ್ತ ತೆಗೆದು ಎಲ್ಲೆಲ್ಲಿಗೋ ಕಳಿಸಿದರು. ಎರಡನೇ ದಿನಕ್ಕೆ ಹಸಿವು ತಣ್ಣಗಾಯಿತು. ಆಸ್ಪತ್ರೆಯ ಸಪ್ಪೆ ಊಟ ಹೊಟ್ಟೆಗೆ ಬಿದ್ದು, ಅದು ನಿಜವಾಗಿ ಮೈಗೆ ಸೇರಿತು ಅನಿಸಿದ್ದು ತಿಂಗಳುಗಳ ಮೇಲೆ. ಅತ್ತೆ ಮಂಚದ ಪಕ್ಕದ ಸ್ಟೂಲಿನಿಂದ ಅಲುಗಲಿಲ್ಲ.

ಪರೀಕ್ಷೆಗಳ ಫಲ ಬಂದ ದಿನ, ಸಕ್ಕರೆ ಕಾಯಿಲೆಯ ತಜ್ಞೆ ನಮ್ಮ ಮೂವರನ್ನೂ ಕೂರಿಸಿಕೊಂಡು ವಿವರಿಸಿದರು. ಮೈಯಲ್ಲಿ ರೋಗದ ವಿರುದ್ಧ ಹೋರಾಡುವ ಕಾವಲು ಪಡೆ ಇರುತ್ತದೆ. ನನ್ನಲ್ಲಿ ಆ ಪಡೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಶತ್ರುವೆಂದು ಭಾವಿಸಿ ಕೊಲ್ಲುತ್ತಿದೆ. ಮಕ್ಕಳಲ್ಲಿ ಇದು ಬೇಗ ನಡೆದು ಬೇಗ ಗೊತ್ತಾಗುತ್ತದೆ. ಕೆಲವು ದೊಡ್ಡವರಲ್ಲಿ ನಿಧಾನ, ತಿಂಗಳುಗಟ್ಟಲೆ, ವರ್ಷಗಟ್ಟಲೆ. ಅಷ್ಟು ದಿನ ಅಳಿದುಳಿದ ಕೋಶಗಳು ಕೆಲಸ ಮಾಡುವುದರಿಂದ ಮಾತ್ರೆ ಕೇಳಿದ ಹಾಗೆ ಕಾಣುತ್ತದೆ, ಎಲ್ಲರೂ ಇದನ್ನು ವಯಸ್ಸಿನ ಸಕ್ಕರೆ ಕಾಯಿಲೆ ಎಂದೇ ತಿಳಿಯುತ್ತಾರೆ. ಯಾರು ಏನು ತಿಂದರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನು ಮುಂದೆ ಇನ್ಸುಲಿನ್ ಬೇಕು, ಬದುಕಿರುವವರೆಗೂ ಬೇಕು.

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ," ಎಂದರು ಅತ್ತೆ, ಮೆಲ್ಲಗೆ.

ತಜ್ಞೆ ಹೌದೆಂದು ತಲೆಯಾಡಿಸಿದರು. ನನಗೆ ಮೊದಲು ಹಗುರಾಯಿತು. ಕದ್ದು ತಿಂದಿಲ್ಲ ಎಂದು ರಕ್ತವೇ ಹೇಳಿಬಿಟ್ಟಿತಲ್ಲ. ಆಮೇಲೆ, ಬದುಕಿರುವವರೆಗೂ ಎಂಬ ಮಾತು ನಿಧಾನವಾಗಿ ಒಳಗಿಳಿಯಿತು. ತಪ್ಪಿಲ್ಲ ಎಂಬ ತೀರ್ಪು ಬಂತು, ಅದರ ಜೊತೆಗೇ ಜೀವಾವಧಿ ಶಿಕ್ಷೆಯೂ ಬಂತು. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ಹುಡುಕಿದೆ, ಸಿಕ್ಕಿದ್ದು ನನ್ನ ಮೈ ಮಾತ್ರ. ಅದರ ಮೇಲೆ ಹೇಗೆ ಕೋಪ ಮಾಡಿಕೊಳ್ಳುವುದು? ಇನ್ನುಮುಂದೆ ನೋಡಿಕೊಳ್ಳಬೇಕಾದವಳು ನಾನೇ.

ಅತ್ತೆ ಆ ವಾಸನೆ ಏನೆಂದು ಕೇಳಿದರು. ಅವರು ಅದನ್ನು ಕೇಳಬಾರದಿತ್ತು ಎಂದು ನನಗೆ ಆಗಲೂ ಅನಿಸಿತು. ಇನ್ಸುಲಿನ್ ಇಲ್ಲದಿದ್ದರೆ ತಿಂದ ಅನ್ನ ಮೈಗೆ ಸಿಕ್ಕುವುದಿಲ್ಲ, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ. ಆಗ ದೇಹ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ, ಅದರ ವಾಸನೆ ಹಣ್ಣಿನ ಹಾಗಿರುತ್ತದೆ ಎಂದು ತಜ್ಞೆ ಹೇಳಿದರು.

"ಊಟ ಕಮ್ಮಿ ಮಾಡಿದ್ರೆ ಅದು ಜಾಸ್ತಿ ಆಗುತ್ತಾ?"

ತಜ್ಞೆ, ನಿಮ್ಮಿಂದ ಕಾಯಿಲೆ ಬರಲಿಲ್ಲ ಅಮ್ಮ ಎಂದರು. ಅತ್ತೆ ತಾವು ಕೇಳಿದ್ದು ಅದಲ್ಲ ಎಂದರು.

"ಆಗುತ್ತೆ," ಎಂದರು ತಜ್ಞೆ.

ಅತ್ತೆ ಸರಿ ಎಂದು ಸೆರಗನ್ನು ಹೊದ್ದುಕೊಂಡು ಕೂತರು. ನರ್ಸಮ್ಮ ಬಂದು ಹೊಟ್ಟೆಯ ಚರ್ಮವನ್ನು ಹೇಗೆ ಹಿಡಿಯಬೇಕು, ಸೂಜಿಯನ್ನು ಹೇಗೆ ಇಳಿಸಬೇಕು, ಉಣ್ಣಬೇಕೆಂದಿರುವ ಊಟಕ್ಕೆ ತಕ್ಕ ಹಾಗೆ ಇನ್ಸುಲಿನ್ ಪೆನ್ನಿನಲ್ಲಿ ಮದ್ದಿನ ಅಳತೆಯನ್ನು ಹೇಗೆ ತಿರುಗಿಸಿಡಬೇಕು ಎಂದು ಕಲಿಸಿದಳು. ಶುಗರ್ ಇಳಿಯುವಾಗ ಕಣ್ಣು ಮತ್ತೆ ಕೆಲವು ವಾರ ಮಸುಕಾಗುತ್ತದೆ, ಅದು ನಿಲ್ಲುವವರೆಗೆ ಹೊಸ ಕನ್ನಡಕ ಮಾಡಿಸಬೇಡಿ ಎಂದೂ ಹೇಳಿದಳು. ನನ್ನ ಕಸುಬು ಅವಳಿಗೆ ಗೊತ್ತಿರಲಿಲ್ಲ. ಆಗಲಿ ಎಂದೆ.

ಮನೆಗೆ ಬಂದ ದಿನ ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ಪಾತ್ರೆಗಳ ಸದ್ದಾಯಿತು. ಮೂವರಿಗೂ ತಟ್ಟೆ ಹಾಕಿದರು. ನಮ್ಮ ಮನೆಯವರು, ಡಾಕ್ಟರಮ್ಮ ಹೇಳಿದರಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ, ಆದದ್ದಾಯಿತು ಎಂದರು. ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

"ಕಾಯಿಲೆ ಬಂದಿದ್ದು ಯಾರ ತಪ್ಪೂ ಅಲ್ಲ," ಎಂದರು, ಮಗನಿಗಲ್ಲ, ನನಗೆ. "ನಾನು ನಂಬದೇ ಇದ್ದದ್ದು ನನ್ನ ತಪ್ಪು. ನೀನು ಹಸಿವು ಅಂದೆ. ನಾನು ಕಳ್ಳಿ ಅಂದ್ಕೊಂಡೆ. ನಿನ್ನ ಮಾತಿಗಿಂತ ನಂಗೆ ಮೀಟರ್ ದೊಡ್ಡದಾಯ್ತು."

ಇಂಥ ಮಾತಿಗೆ ಸೊಸೆಯಾದವಳು ಏನು ಹೇಳಬೇಕೆಂದು ನನಗೆ ಗೊತ್ತು. ಅಯ್ಯೋ ಬಿಡಿ ಅತ್ತೆ, ದೊಡ್ಡವರು ನೀವು, ಹಾಗೆಲ್ಲ ಅನ್ನಬಾರದು. ಅದು ನಾಲಿಗೆಯ ತುದಿಗೆ ಬಂದೂ ಇತ್ತು. ಡಾಕ್ಟರ ಮುಂದೆ ಎದ್ದು ನಿಂತು ನನ್ನ ಜೀವ ಉಳಿಸಿದವರು ಅವರೇ, ಅದೂ ಗೊತ್ತು. ಆದರೂ ಹೇಳಲಾಗಲಿಲ್ಲ. ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಆ ಮನೆಯಲ್ಲಿ ಒಂದು ಸುಳ್ಳನ್ನೂ ಹೇಳದೆಯೇ ಸುಳ್ಳಿ ಅನಿಸಿಕೊಂಡವಳು ನಾನು.

"ಹೌದು ಅತ್ತೆ," ಎಂದೆ.

ಮನೆಯವರು ತಲೆ ತಗ್ಗಿಸಿದರು. ಅತ್ತೆ ತಗ್ಗಿಸಲಿಲ್ಲ. ತಮಗೆ ನ್ಯಾಯವಾಗಿ ಬರಬೇಕಾದದ್ದೇ ಬಂತು ಎಂಬಂತೆ ಒಮ್ಮೆ ತಲೆಯಾಡಿಸಿದರು. ಕಣ್ಣು ತುಂಬಿ ಹರಿಯಿತು, ಒರೆಸಿಕೊಳ್ಳಲಿಲ್ಲ. ಸೌಟನ್ನು ಮತ್ತೆ ಕೈಗೆ ತೆಗೆದುಕೊಂಡು ಅನ್ನ ತುಂಬಿ ನನ್ನ ತಟ್ಟೆಯ ಮೇಲೆ ಹಿಡಿದರು.

"ಎಷ್ಟು ಹಾಕಲಿ?"

ನನಗೆಷ್ಟು ಬೇಕು ಎಂದು ನಾನೇ ಯೋಚಿಸಿ ಎಷ್ಟು ಕಾಲವಾಗಿತ್ತೋ. ಅವರು ಸೌಟು ಹಿಡಿದುಕೊಂಡೇ ಕಾದರು. ಆಮೇಲೆ ಹೇಳಿದೆ. ಅಷ್ಟನ್ನೂ ಹಾಕಿದರು. ನಾನು ಅದಕ್ಕೆ ತಕ್ಕ ಅಳತೆ ತಿರುಗಿಸಿ, ಅವರ ಎದುರಿಗೇ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು ಉಣ್ಣತೊಡಗಿದೆ. ನನ್ನ ತಟ್ಟೆ ಖಾಲಿಯಾಗುವವರೆಗೂ ಅತ್ತೆ ತಮ್ಮ ತಟ್ಟೆಗೆ ಕೈ ಹಾಕಲಿಲ್ಲ.